ಯಂತ್ರದ ವಿಳಾಸದಿಂದ ಮೂಲದ ಪಂಕ್ತಿಗೆ

ಒಂದು ತರಗತಿಯ ಅಂಕಗಳ ಸರಾಸರಿಯನ್ನು ಕಂಡುಹಿಡಿಯಲು ನಾವು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮನ್ನು ಬರೆದಿದ್ದೇವೆಂದು ಭಾವಿಸೋಣ. ಅದರ 5ನೆಯ ಪಂಕ್ತಿಯಲ್ಲಿ 'ಕೌಂಟ್' ಎಂಬ ಚರಾಕ್ಷರವನ್ನು ಘೋಷಿಸಿದ್ದೇವೆ. 17ನೆಯ ಪಂಕ್ತಿಯಲ್ಲಿ ಒಟ್ಟು ಅಂಕಗಳನ್ನು ಕೌಂಟಿನಿಂದ ಭಾಗಿಸಿದ್ದೇವೆ. ಹತ್ತು ದಿನ ಸರಿಯಾಗಿ ನಡೆದ ಪ್ರೋಗ್ರಾಮು ಹನ್ನೊಂದನೆಯ ದಿನ ಥಟ್ಟನೆ ನಿಂತುಬಿಡುತ್ತದೆ. ಎಲ್ಲಿ ನಿಂತಿತೆಂದು ಕೇಳಿದರೆ ಯಂತ್ರದಿಂದ ದೊರೆಯುವುದು ಒಂದು ಸಂಖ್ಯೆ ಮಾತ್ರ: ವಿಳಾಸ 4198726.

ಯಂತ್ರವನ್ನು ದೂರುವಂತಿಲ್ಲ. ಕೌಂಟ್ ಎಂಬ ಹೆಸರಾಗಲಿ, 17ನೆಯ ಪಂಕ್ತಿಯಾಗಲಿ ಅದಕ್ಕೆ ತಿಳಿಯದು. ನಮ್ಮ ಬರಹವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಹೆಸರುಗಳನ್ನೆಲ್ಲ ಕಳಚಿ, ಬರಿಯ ಆಜ್ಞೆಗಳನ್ನೂ ವಿಳಾಸಗಳನ್ನೂ ಉಳಿಸುತ್ತದೆ. ಇಪ್ಪತ್ತು ಪಂಕ್ತಿಗಳ ಬರಹವಾದರೆ ಕಣ್ಣಿನಿಂದಲೇ ಹುಡುಕಬಹುದು. ಲಕ್ಷಾಂತರ ಪಂಕ್ತಿಗಳಿದ್ದಾಗ ಗತಿಯೇನು? ಅದಕ್ಕೋಸ್ಕರ, ತಾನು ಮಾಡಿದ ಭಾಷಾಂತರದ ಟಿಪ್ಪಣಿಯನ್ನೂ ಬರೆದಿಡುವಂತೆ ಕಂಪೈಲರಿಗೆ ಹೇಳುವ ಏರ್ಪಾಡುಂಟು. ಜಿಸಿಸಿ ಎಂಬ ಕಂಪೈಲರಿಗೆ '-ಜಿ' ಎಂಬ ಸೂಚನೆಯನ್ನು ಕೊಟ್ಟರೆ ಸಾಕು. ಈ ಟಿಪ್ಪಣಿಗೆ ಬಹಳವಾಗಿ ಬಳಕೆಯಲ್ಲಿರುವ ರೂಪದ ಹೆಸರು ಡ್ವಾರ್ಫ್. ಇದು 1980ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸಿಗಾಗಿ ಹುಟ್ಟಿತು; ಇದರ ಐದನೆಯ ಆವೃತ್ತಿ 2017ರಲ್ಲಿ ಹೊರಬಂದಿತು. ಯಂತ್ರಭಾಷೆಯ ಕಡತದ ರೂಪಕ್ಕೆ ಎಲ್ಫ್ ಎಂಬ ಹೆಸರಿದ್ದುದರಿಂದ, ಪಾಶ್ಚಾತ್ಯರ ಕಿನ್ನರ ಕಥೆಗಳಲ್ಲಿ ಅದರ ಜೊತೆಗಾರನಾದ ಕುಳ್ಳನ ಹೆಸರನ್ನು ಇದಕ್ಕಿಟ್ಟರು.

ಟಿಪ್ಪಣಿಯ ಒಂದು ಭಾಗ ಪಂಕ್ತಿಗಳ ಪಟ್ಟಿ. ಯಾವ ವಿಳಾಸದ ಆಜ್ಞೆ ಯಾವ ಕಡತದ ಯಾವ ಪಂಕ್ತಿಯಿಂದ ಬಂದಿತೆಂಬುದು ಅದರಲ್ಲಿದೆ. ಇದನ್ನು ನೇರವಾಗಿ ಬರೆದರೆ ಪಟ್ಟಿಯು ಪ್ರೋಗ್ರಾಮಿಗಿಂತಲೂ ದೊಡ್ಡದಾದೀತು. ಆದುದರಿಂದ ವಿಳಾಸ ಎಷ್ಟು ಮುಂದೆ ಹೋಯಿತು, ಪಂಕ್ತಿ ಎಷ್ಟು ಬದಲಾಯಿತು ಎಂಬ ವ್ಯತ್ಯಾಸಗಳನ್ನು ಮಾತ್ರ ಬರೆಯುತ್ತಾರೆ. ಅನೇಕ ವೇಳೆ ಈ ಎರಡೂ ಒಂದೇ ಬೈಟಿನಲ್ಲಿ ಅಡಗುತ್ತವೆ. ಡಿಬಗರ್ ಎಂಬ ಪರೀಕ್ಷಕ ಪ್ರೋಗ್ರಾಮು ಇವನ್ನು ಮೊದಲಿನಿಂದ ಕೂಡಿಸುತ್ತ ಬಂದು, 4198726 ಎಂಬ ವಿಳಾಸ 17ನೆಯ ಪಂಕ್ತಿಗೆ ಸೇರಿದ್ದೆಂದು ತಿಳಿಸುತ್ತದೆ.

ಇನ್ನು ಕೌಂಟಿನ ವಿಚಾರ. ಮತ್ತೊಂದು ಭಾಗದಲ್ಲಿ ಅದರ ಜಾತಕವೇ ಇದೆ: 5ನೆಯ ಪಂಕ್ತಿಯಲ್ಲಿ ಘೋಷಿತ, ಪೂರ್ಣಾಂಕ, 4 ಬೈಟು, ಇರುವ ಸ್ಥಳ, ಸ್ಟ್ಯಾಕಿನ ಆಧಾರಸ್ಥಾನದಿಂದ 20 ಬೈಟು ಕೆಳಗೆ. ಸ್ಥಿರವಾದ ವಿಳಾಸವನ್ನೇ ಏಕೆ ಕೊಡಬಾರದು? ಒಂದು ಕಾರ್ಯಭಾಗವನ್ನು ಕರೆದಾಗಲೆಲ್ಲ ಅದರ ಚರಾಕ್ಷರಗಳಿಗೆ ಸ್ಟ್ಯಾಕಿನಲ್ಲಿ ಹೊಸದಾಗಿ ಸ್ಥಳ ದೊರೆಯುವುದರಿಂದ ವಿಳಾಸ ನಿಲ್ಲುವುದಿಲ್ಲ. ಆಧಾರಸ್ಥಾನದಿಂದಿರುವ ದೂರವಾದರೋ ಬದಲಾಗದು. ಡಿಬಗರು ಲೆಕ್ಕ ಹಾಕಿ ಅಲ್ಲಿ ನೋಡಿದರೆ 0 ಇದೆ! ಆ ದಿನ ಅಂಕಗಳನ್ನೇ ತುಂಬಿರಲಿಲ್ಲ. ಸೊನ್ನೆಯಿಂದ ಭಾಗಿಸಲಾರದೆ ಯಂತ್ರ ನಿಂತಿತು.

ಕಂಪೈಲರಿಗೆ ವೇಗವನ್ನು ಹೆಚ್ಚಿಸೆಂದು ಹೇಳಿದಾಗ ಕಥೆ ಜಟಿಲವಾಗುತ್ತದೆ. ಆಗ ಕೌಂಟು ಒಂದೆಡೆ ನೆಲೆಸದು. ಕೆಲವು ಆಜ್ಞೆಗಳವರೆಗೆ ಅದು ಒಂದು ರಿಜಿಸ್ಟರಿನಲ್ಲಿರುತ್ತದೆ, ಬಳಿಕ ಸ್ಟ್ಯಾಕಿಗೆ ಹೋಗುತ್ತದೆ. ಅದರ ಅಗತ್ಯ ಮುಗಿದೊಡನೆ ಆ ರಿಜಿಸ್ಟರನ್ನು ಬೇರೊಂದು ಚರಾಕ್ಷರ ಆಕ್ರಮಿಸಬಹುದು. ಇದಕ್ಕಾಗಿ ಟಿಪ್ಪಣಿಯಲ್ಲಿ 'ಈ ವಿಳಾಸದಿಂದ ಆ ವಿಳಾಸದವರೆಗೆ ಇಲ್ಲಿ' ಎಂಬ ಸ್ಥಳಸೂಚಿಯಿರುತ್ತದೆ. ಸೂಚಿಯಲ್ಲಿ ಎಲ್ಲಿಯೂ ಸ್ಥಳವಿಲ್ಲದಿದ್ದರೆ, ಬೆಲೆಯನ್ನು ಕಂಪೈಲರು ತೆಗೆದುಹಾಕಿದೆಯೆಂದು ಡಿಬಗರು ಹೇಳುತ್ತದೆ. ಹೊಸಬರು ಇದರಿಂದ ಬೇಸರಪಡುವುದುಂಟು. ಆದರೆ ಆಗ ಹಳೆಯ ರಿಜಿಸ್ಟರಿನಲ್ಲಿರುವ ಪರಕೀಯ ಸಂಖ್ಯೆಯನ್ನೇ ಕೌಂಟೆಂದು ತೋರಿಸಿದ್ದರೆ ನಾವು ಇಡೀ ದಿನ ತಪ್ಪು ದಾರಿಯಲ್ಲಿ ಅಲೆಯಬೇಕಾಗುತ್ತಿತ್ತು. ಇಲ್ಲವೆಂಬ ಉತ್ತರವೇ ಮೇಲು.

ಟಿಪ್ಪಣಿಯಿಂದ ಕಡತದ ಗಾತ್ರ ಬಹಳ ಹಿಗ್ಗುವುದರಿಂದ, ಪ್ರೋಗ್ರಾಮನ್ನು ಹಂಚುವವರು ಅದನ್ನು ಬೇರ್ಪಡಿಸಿ ತಮ್ಮಲ್ಲಿರಿಸಿಕೊಳ್ಳುವುದು ವಾಡಿಕೆ. ಲಿನಕ್ಸಿನಲ್ಲಿ ಎರಡು ಕಡತಗಳಲ್ಲಿಯೂ ಒಂದೇ ಗುರುತುಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ದೂರದ ಊರಿನಲ್ಲಿ ಪ್ರೋಗ್ರಾಮು ನಿಂತು ವಿಳಾಸವೊಂದೇ ಕೈಗೆ ಬಂದಾಗ, ಆ ಸಂಖ್ಯೆಯಿಂದ ಸರಿಯಾದ ಟಿಪ್ಪಣಿಯನ್ನು ಹುಡುಕಿ ತೆಗೆಯುತ್ತಾರೆ.