ಡಿಜಿಟಲ್ ಯುಗದಲ್ಲಿ ಇಂಗ್ಲಿಷ್ ಬರವಣಿಗೆಯ ಗುಣಮಟ್ಟ: ದೋಷ, ಆಯ್ಕೆ ಮತ್ತು ಬೋಧನೆ

ಸಾರಾಂಶ: ಮೊಬೈಲ್ ಮತ್ತು ಅಂತರಜಾಲದ ಬಳಕೆಯಿಂದ ಇಂಗ್ಲಿಷ್ ಬರವಣಿಗೆಯ ಗುಣಮಟ್ಟ ಕುಸಿದಿದೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಬ್ರಿಟನ್, ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಅಧ್ಯಯನಗಳ ಆಧಾರದಿಂದ ಈ ಅಭಿಪ್ರಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅನೌಪಚಾರಿಕ ರೂಪಗಳ ಆಯ್ಕೆಯನ್ನೂ ಔಪಚಾರಿಕ ಬರವಣಿಗೆಯ ತರಬೇತಿಯ ಕೊರತೆಯನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ತರಗತಿಯಲ್ಲಿ ಉಂಟಾಗುವ ತೊಡಕನ್ನು ಕೊನೆಯಲ್ಲಿ ಚರ್ಚಿಸಲಾಗಿದೆ.

ಮುಖ್ಯ ಪದಗಳು: ಡಿಜಿಟಲ್ ಬರವಣಿಗೆ, ಸಂಕ್ಷೇಪ ರೂಪ, ಸಂದರ್ಭ ಪ್ರಭೇದ, ದೋಷ ವಿಶ್ಲೇಷಣೆ, ಭಾಷಾ ಬೋಧನೆ

1. ಪ್ರಶ್ನೆಯ ಸ್ವರೂಪ

ಈಗಿನವರಿಗೆ ಸರಿಯಾದ ಇಂಗ್ಲಿಷ್ ಬರೆಯಲು ಬರುವುದಿಲ್ಲ, ಮೊಬೈಲೇ ಇದಕ್ಕೆ ಕಾರಣ ಎಂಬ ಮಾತನ್ನು ಅಧ್ಯಾಪಕರ ಕೊಠಡಿಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ನಾವು ಮೇಲಿಂದ ಮೇಲೆ ಕೇಳುತ್ತೇವೆ. ಈ ಒಂದು ಮಾತಿನಲ್ಲಿ ಮೂರು ಪ್ರತಿಪಾದನೆಗಳು ಸೇರಿಕೊಂಡಿವೆ. ಹಿಂದೆ ಬರವಣಿಗೆಯ ಮಟ್ಟ ಎತ್ತರದಲ್ಲಿತ್ತು ಎಂಬುದು ಮೊದಲನೆಯದು. ಈಗ ಅದು ಇಳಿದಿದೆ ಎಂಬುದು ಎರಡನೆಯದು. ಈ ಇಳಿಕೆಗೆ ಡಿಜಿಟಲ್ ಸಾಧನಗಳೇ ಕಾರಣ ಎಂಬುದು ಮೂರನೆಯದು. ಮೂರಕ್ಕೂ ಬೇಕಾದ ಸಾಕ್ಷ್ಯ ಬೇರೆ ಬೇರೆ. ಒಂದು ತರಗತಿಯ ಮಟ್ಟ ಕೆಳಗಿದೆ ಎಂಬುದನ್ನು ತೋರಿಸಲು ಇಂದಿನ ಉತ್ತರಪತ್ರಿಕೆಗಳು ಸಾಕು. ಅದು ಕೆಳಗಿಳಿದಿದೆ ಎನ್ನಲು ನಿನ್ನೆಯ ಉತ್ತರಪತ್ರಿಕೆಗಳೂ ಬೇಕು. ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಈ ವ್ಯತ್ಯಾಸವೇ. ಆದ್ದರಿಂದ ಮೂರು ಪ್ರತಿಪಾದನೆಗಳನ್ನೂ ಬಿಡಿಸಿಕೊಂಡು ಒಂದೊಂದಾಗಿ ಪರಿಶೀಲಿಸೋಣ.

2. ದೂರಿನ ಇತಿಹಾಸ

ಇಂಗ್ಲಿಷ್ ಕೆಡುತ್ತಿದೆ ಎಂಬ ದೂರು ಅಂತರಜಾಲಕ್ಕಿಂತ ಬಹಳ ಹಳೆಯದು. ಜೊನಾಥನ್ ಸ್ವಿಫ್ಟ್ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಬರೆಯುತ್ತ, ಪದಗಳ ಬಾಲ ಕತ್ತರಿಸುವ ಹೊಸ ರೂಢಿಯನ್ನು ಟೀಕಿಸಿದನು. ಅವನು ಆಕ್ಷೇಪಿಸಿದ ರೂಪಗಳಲ್ಲಿ ‘ಮಾಬ್’ ಒಂದು. ಚಂಚಲ ಜನಸಮೂಹ ಎಂಬರ್ಥದ ‘ಮೊಬಿಲೆ ವುಲ್ಗುಸ್’ ಎಂಬ ಲ್ಯಾಟಿನ್ ಪದಪುಂಜವನ್ನು ಮೊಟಕುಗೊಳಿಸಿದ ಆ ರೂಪ ಇಂದು ನ್ಯಾಯಾಲಯದ ತೀರ್ಪುಗಳಲ್ಲಿಯೂ ನಿರಾತಂಕವಾಗಿ ಬಳಕೆಯಾಗುತ್ತದೆ. 1712ರಲ್ಲಿ ಸ್ವಿಫ್ಟ್ ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸಬೇಕೆಂಬ ಸಲಹಾಪತ್ರವನ್ನೇ ಪ್ರಕಟಿಸಿದನು. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಭಾಷೆಯನ್ನು ಸ್ಥಿರಗೊಳಿಸುವ ಆಸೆ ತನಗೂ ಇತ್ತೆಂದೂ ಅದು ಕೈಗೂಡುವಂಥದಲ್ಲವೆಂದೂ ಪೀಠಿಕೆಯಲ್ಲಿ ಒಪ್ಪಿಕೊಂಡನು.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ 1975ರದು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ಪತ್ರಿಕೆ, ವಿದ್ಯಾರ್ಥಿಗಳಿಗೆ ಬರೆಯಲು ಬರುವುದಿಲ್ಲ ಎಂಬ ವಿಷಯವನ್ನೇ ಮುಖಪುಟ ಲೇಖನವಾಗಿಸಿತು. ಮೊದಲ ಎಸ್ಸೆಮ್ಮೆಸ್ ಸಂದೇಶ ರವಾನೆಯಾದುದು ಇದಾದ 17 ವರ್ಷಗಳ ಬಳಿಕ, 1992ರ ಡಿಸೆಂಬರ್ 3ರಂದು. ಕಾರಣವೆಂದು ಹೇಳಲಾಗುವ ಸಾಧನ ಹುಟ್ಟುವ ಮೊದಲೇ ಪರಿಣಾಮವೆಂದು ಹೇಳಲಾಗುವ ದೂರು ಪೂರ್ಣರೂಪದಲ್ಲಿ ಇದ್ದಿತು.

ಸಂಕ್ಷೇಪ ರೂಪಗಳೂ ಹೊಸವಲ್ಲ. ಇಂದು ಹದಿಹರೆಯದವರ ಸೊತ್ತೆಂದು ಭಾವಿಸಲಾಗುವ ‘ಓಎಂಜಿ’ 1917ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಜಾನ್ ಫಿಶರ್ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿ, ಅದೇ ಅರ್ಥದಲ್ಲಿ ದೊರೆಯುತ್ತದೆ. ಕನ್ನಡದ ಓದುಗರಿಗೆ ಈ ಪ್ರವೃತ್ತಿ ಅಪರಿಚಿತವಲ್ಲ. ತೀರ್ಥರೂಪರಿಗೆ ‘ತೀ. ರೂ.’, ಚಿರಂಜೀವಿಗೆ ‘ಚಿ.’, ಸೌಭಾಗ್ಯವತಿಗೆ ‘ಸೌ.’, ಮಹಾರಾಜ ರಾಜಶ್ರೀಗೆ ‘ಮ. ರಾ. ರಾ.’ ಎಂದು ಬರೆದ ತಲೆಮಾರಿನ ಕನ್ನಡ ಕೆಟ್ಟಿತ್ತೆಂದು ಯಾರೂ ಹೇಳುವುದಿಲ್ಲ. ಅಂಚೆ ಕಾರ್ಡಿನ ಜಾಗ ಕಿರಿದಾಗಿತ್ತು. ಓದುವವರಿಗೆ ಪೂರ್ಣರೂಪ ತಿಳಿದಿತ್ತು. ಸಂಕ್ಷೇಪಕ್ಕೆ ಈ ಎರಡು ಸಂಗತಿಗಳು ಸಾಕು.

3. ಸಂಕ್ಷೇಪದ ಕಾರಣ ಮತ್ತು ಪ್ರಮಾಣ

ಮೊಬೈಲ್ ಸಂದೇಶದ ಅಂಚೆ ಕಾರ್ಡು ಇನ್ನೂ ಕಿರಿದು. ಒಂದು ಎಸ್ಸೆಮ್ಮೆಸ್‌ನಲ್ಲಿ ಸಾಗಿಸಬಹುದಾದ ಮಾಹಿತಿ 1120 ಬಿಟ್‌ಗಳು. ರೋಮನ್ ಲಿಪಿಯ ಪ್ರತಿ ಅಕ್ಷರಕ್ಕೆ 7 ಬಿಟ್‌ಗಳಂತೆ ಅಲ್ಲಿ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡದಂತಹ ಲಿಪಿಗಳಿಗೆ ಪ್ರತಿ ಸಂಕೇತಕ್ಕೆ 16 ಬಿಟ್‌ಗಳು ಬೇಕಾಗುವುದರಿಂದ ಮಿತಿ 70ಕ್ಕೆ ಇಳಿಯುತ್ತದೆ. ಅದರಲ್ಲಿಯೂ ‘ಕ್ಷಿ’ ಎಂಬ ಒಂದು ಅಕ್ಷರ ಗಣಕದ ಲೆಕ್ಕದಲ್ಲಿ ಕಕಾರ, ಅರ್ಧಾಕ್ಷರ ಚಿಹ್ನೆ, ಷಕಾರ, ಗುಡಿಸು ಎಂದು ನಾಲ್ಕು ಸಂಕೇತಗಳಾಗುತ್ತದೆ. ಕನ್ನಡಿಗರು ಬಹುಕಾಲ ಕನ್ನಡವನ್ನೇ ರೋಮನ್ ಲಿಪಿಯಲ್ಲಿ ಟೈಪಿಸಿದುದಕ್ಕೆ ಕೀಲಿಮಣೆಯ ಅಭಾವದ ಜೊತೆಗೆ ಇದೂ ಒಂದು ಕಾರಣ.

ಮಿತಿಯೊಳಗೆ ಬರೆಯಲು ಇಂಗ್ಲಿಷ್ ಬಳಕೆದಾರರು ಹಿಡಿದ ದಾರಿ ಆ ಭಾಷೆಯ ಲಿಪಿವ್ಯವಸ್ಥೆಯಿಂದಲೇ ಹುಟ್ಟಿದೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರಿಗೂ ಪದದ ಉಚ್ಚಾರಣೆಗೂ ಆಕಸ್ಮಿಕ ಹೊಂದಾಣಿಕೆಗಳಿವೆ. ‘ಯು’ ಎಂಬ ಅಕ್ಷರದ ಹೆಸರು ‘ನೀನು’ ಎಂಬರ್ಥದ ಮೂರಕ್ಷರದ ಪದದ ಉಚ್ಚಾರಣೆಯೂ ಹೌದು. ‘ಗ್ರೇಟ್’ ಪದದ ಕೊನೆಯ ಭಾಗವನ್ನು 8ರ ಅಂಕಿಯಿಂದ ಬರೆಯಬಹುದು, ಏಕೆಂದರೆ ಅದರ ಹೆಸರು ‘ಏಟ್’. ಹೀಗೆ ಬರೆಯಬೇಕಾದರೆ ಪದವನ್ನು ಧ್ವನಿಗಳಾಗಿ ಬಿಡಿಸುವ ಸಾಮರ್ಥ್ಯ, ಅಂದರೆ ಧ್ವನಿಪ್ರಜ್ಞೆ, ಇರಬೇಕು. ಕವೆಂಟ್ರಿ ವಿಶ್ವವಿದ್ಯಾಲಯದ ಪ್ಲೆಸ್ಟರ್, ವುಡ್ ಮತ್ತು ಜೋಶಿ ಅವರು 10ರಿಂದ 12 ವರ್ಷದ 88 ಮಕ್ಕಳನ್ನು ಕುರಿತು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕ್ಷೇಪಗಳನ್ನು ಹೆಚ್ಚಾಗಿ ಬಳಸುವ ಮಕ್ಕಳ ಪದವಾಚನ ಸಾಮರ್ಥ್ಯವೂ ಹೆಚ್ಚಾಗಿರುವುದು ಕಂಡುಬಂದಿತು. ಇದು ಸಹಸಂಬಂಧವೇ ಹೊರತು ಕಾರ್ಯಕಾರಣ ಸಂಬಂಧವಲ್ಲ. ವಯಸ್ಕರನ್ನು ಕುರಿತ ಅಧ್ಯಯನಗಳ ಫಲಿತಾಂಶಗಳು ಮಿಶ್ರವಾಗಿವೆ. ಆದರೂ ಸಂಕ್ಷೇಪ ರೂಪ ಅಜ್ಞಾನದ ಗುರುತು ಎಂಬ ಊಹೆಗೆ ಈ ಸಾಕ್ಷ್ಯ ಬೆಂಬಲ ಕೊಡುವುದಿಲ್ಲ.

ಪ್ರಮಾಣದ ವಿಷಯದಲ್ಲಿ ಊಹೆ ಮತ್ತು ವಸ್ತುಸ್ಥಿತಿಗಳ ಅಂತರ ಇನ್ನೂ ದೊಡ್ಡದು. ಕಾರ್ಡಿಫ್‌ನ ವಿದ್ಯಾರ್ಥಿಗಳ 544 ಸಂದೇಶಗಳನ್ನು ಕ್ರಿಸ್ಪಿನ್ ಥರ್ಲೋ 2003ರಲ್ಲಿ ವಿಶ್ಲೇಷಿಸಿದಾಗ ಸಂಕ್ಷೇಪಗಳ ಪಾಲು ಶೇಕಡಾ 20ಕ್ಕಿಂತ ಕಡಿಮೆ ಇತ್ತು. ಟೊರಾಂಟೊದ ಹದಿಹರೆಯದವರು ಗಣಕದ ಮೂಲಕ ಪರಸ್ಪರ ಬರೆದುಕೊಂಡ ಹತ್ತು ಲಕ್ಷಕ್ಕೂ ಹೆಚ್ಚು ಪದಗಳ ಸಂಗ್ರಹವನ್ನು ಸಾಲಿ ಟ್ಯಾಗ್ಲಿಯಮಾಂಟೆ ಮತ್ತು ಡೆರೆಕ್ ಡೆನಿಸ್ 2008ರಲ್ಲಿ ಪರಿಶೀಲಿಸಿದರು. ಅಲ್ಲಿ ಈ ಬಗೆಯ ವಿಶೇಷ ರೂಪಗಳು ಶೇಕಡಾ 3ನ್ನೂ ಮುಟ್ಟಲಿಲ್ಲ. ಉಳಿದ ಭಾಷೆ ಔಪಚಾರಿಕ ಹಾಗೂ ಅನೌಪಚಾರಿಕ ರೂಪಗಳ ಮಿಶ್ರಣವಾಗಿದ್ದು, ಅದರ ವ್ಯಾಕರಣ ಆ ಸಮುದಾಯದ ವ್ಯಾಕರಣವೇ ಆಗಿತ್ತು. ಸಂಕ್ಷೇಪಗಳು ಕಣ್ಣಿಗೆ ಬೇಗ ಬೀಳುತ್ತವೆ. ಅಕ್ಕಿಯಲ್ಲಿನ ಕಲ್ಲನ್ನು ನೋಡಿ ಮೂಟೆಯನ್ನೇ ಕಲ್ಲೆಂದು ಬಗೆಯುವ ತಪ್ಪು ಇಲ್ಲಿ ಆಗುತ್ತದೆ.

4. ದೋಷಗಳ ಎಣಿಕೆ

ಹಾಗಾದರೆ ಔಪಚಾರಿಕ ಬರವಣಿಗೆಯ ಸ್ಥಿತಿ ಹೇಗಿದೆ? ಇಲ್ಲಿಯೇ ನಮಗೆ ನಿನ್ನೆಯ ಉತ್ತರಪತ್ರಿಕೆಗಳು ಬೇಕು. ಅಮೆರಿಕದ ಕಾಲೇಜುಗಳ ಆರಂಭಿಕ ವರ್ಷದ ಬರವಣಿಗೆಯಲ್ಲಿನ ದೋಷಗಳನ್ನು ಎಣಿಸಿದ ಅಧ್ಯಯನಗಳು 1917ರಿಂದಲೂ ಲಭ್ಯವಿವೆ. ಆಂಡ್ರಿಯಾ ಲನ್ಸ್‌ಫರ್ಡ್ ಮತ್ತು ಕರೆನ್ ಲನ್ಸ್‌ಫರ್ಡ್ 2006ರ ಪ್ರಬಂಧಗಳನ್ನು ಪರಿಶೀಲಿಸಿ, 2008ರಲ್ಲಿ ಹಿಂದಿನ ಎಣಿಕೆಗಳೊಂದಿಗೆ ಹೋಲಿಸಿದರು. ಪ್ರತಿ 100 ಪದಗಳಿಗೆ ದೋಷಗಳ ಸಂಖ್ಯೆ 1917ರಲ್ಲಿ 2.11, 1930ರಲ್ಲಿ 2.24, 1986ರಲ್ಲಿ 2.26, 2006ರಲ್ಲಿ 2.45. ಸುಮಾರು ತೊಂಬತ್ತು ವರ್ಷಗಳಲ್ಲಿ ಆದ ಏರಿಕೆ ನೂರು ಪದಗಳಿಗೆ ಒಂದರ ಮೂರನೆಯ ಒಂದು ಭಾಗದಷ್ಟು. ಅದೇ ಅವಧಿಯಲ್ಲಿ ಪ್ರಬಂಧದ ಸರಾಸರಿ ಉದ್ದ 162 ಪದಗಳಿಂದ 1038 ಪದಗಳಿಗೆ ಬೆಳೆಯಿತು. 1986ರಲ್ಲಿಯೂ ಅದು 422 ಪದಗಳಷ್ಟೇ ಇತ್ತು. ವಿದ್ಯಾರ್ಥಿಗಳು ಬರೆಯುತ್ತಿದ್ದ ಪ್ರಕಾರವೂ ಬದಲಾಗಿ, ಸ್ವಾನುಭವ ಕಥನದ ಜಾಗಕ್ಕೆ ವಾದಮಂಡನೆ ಮತ್ತು ಸಂಶೋಧನ ಪ್ರಬಂಧಗಳು ಬಂದಿದ್ದವು.

ದೋಷಗಳ ಬಗೆಯಲ್ಲಿ ಮಾತ್ರ ಸ್ಪಷ್ಟ ಬದಲಾವಣೆ ಕಾಣುತ್ತದೆ. 1986ರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದ ಕಾಗುಣಿತ ದೋಷಗಳು 2006ರಲ್ಲಿ ಬಹಳ ಕೆಳಗಿಳಿದವು. ತಪ್ಪು ಪದದ ಬಳಕೆ ಮೊದಲ ಸ್ಥಾನಕ್ಕೆ ಬಂದಿತು. ಕಾಗುಣಿತ ಪರೀಕ್ಷಕ ತಂತ್ರಾಂಶದ ಪಾತ್ರ ಇಲ್ಲಿದೆ. ‘ಖಂಡಿತವಾಗಿ’ ಎಂಬರ್ಥದ ‘ಡೆಫಿನಿಟ್ಲಿ’ಯನ್ನು ತಪ್ಪಾಗಿ ಟೈಪಿಸಿದವನಿಗೆ ತಂತ್ರಾಂಶ ‘ಧಿಕ್ಕರಿಸುತ್ತ’ ಎಂಬರ್ಥದ ‘ಡಿಫಯಂಟ್ಲಿ’ಯನ್ನು ಸೂಚಿಸಬಹುದು. ಬರಹಗಾರ ಅದನ್ನು ಒಪ್ಪಿ ಮುಂದೆ ಸಾಗಿದರೆ ಕಾಗುಣಿತ ಸರಿಯಾಗಿ ಅರ್ಥ ತಪ್ಪುತ್ತದೆ. ಯಂತ್ರ ದೋಷವನ್ನು ಅಳಿಸಿಲ್ಲ, ಅದರ ಸ್ಥಾನವನ್ನು ಬದಲಿಸಿದೆ. ಆದ್ದರಿಂದ ಕಾಗುಣಿತಕ್ಕಿಂತಲೂ ಪದಾರ್ಥ ವಿವೇಕವನ್ನು ಬೆಳೆಸುವ ಬೋಧನೆಗೆ ಈಗ ಹೆಚ್ಚಿನ ಅಗತ್ಯವಿದೆ.

ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಪ್ರಗತಿ ಮೌಲ್ಯಮಾಪನ ಮತ್ತೊಂದು ಆಧಾರ. 12ನೆಯ ತರಗತಿಯಲ್ಲಿ ಬರವಣಿಗೆಯಲ್ಲಿ ‘ಪ್ರವೀಣ’ ಮಟ್ಟವನ್ನು ಅಥವಾ ಅದಕ್ಕಿಂತ ಮೇಲಿನ ಮಟ್ಟವನ್ನು ಮುಟ್ಟಿದವರು 1998ರಲ್ಲಿ ಶೇಕಡಾ 22, 2002ರಲ್ಲಿ 24, 2007ರಲ್ಲಿಯೂ 24. ಮೊಬೈಲ್ ಸಂದೇಶ ಮನೆಮಾತಾದ ಆ ದಶಕದಲ್ಲಿ ಕುಸಿತ ದಾಖಲಾಗಿಲ್ಲ. ಆದರೆ ನಾಲ್ವರಲ್ಲಿ ಮೂವರು ಆ ಮಟ್ಟವನ್ನು ಮುಟ್ಟದೆ ಇರುವುದು ಕಳವಳದ ಸಂಗತಿಯೇ. ಮಟ್ಟ ಇಳಿದಿಲ್ಲ, ಅದು ಮೊದಲಿನಿಂದಲೂ ಸಾಲದಾಗಿತ್ತು. ಇಳಿಕೆಯೆಂದು ತಿಳಿದರೆ ನಾವು ಮೊಬೈಲನ್ನು ಕಸಿದುಕೊಳ್ಳಲು ಹೊರಡುತ್ತೇವೆ. ಹಳೆಯ ಕೊರತೆಯೆಂದು ತಿಳಿದರೆ ಬರವಣಿಗೆಯನ್ನು ಕಲಿಸಲು ತೊಡಗುತ್ತೇವೆ.

5. ಪೂರ್ಣವಿರಾಮದ ಹೊಸ ಕೆಲಸ

ಕುಸಿತದ ಭಾವನೆ ಇಷ್ಟು ಬಲವಾಗಿರುವುದಕ್ಕೆ ಒಂದು ನೈಜ ಕಾರಣವಿದೆ. ಹಿಂದೆ ಸಾರ್ವಜನಿಕರ ಕಣ್ಣಿಗೆ ಬೀಳುತ್ತಿದ್ದ ಬರಹದ ಬಹುಪಾಲು ಸಂಪಾದಕರ ಮತ್ತು ಕರಡು ತಿದ್ದುವವರ ಕೈದಾಟಿ ಬರುತ್ತಿತ್ತು. ಆಪ್ತರ ನಡುವಿನ ತಿದ್ದದ ಬರಹ ಲಕೋಟೆಯೊಳಗೆ ಉಳಿಯುತ್ತಿತ್ತು. ಇಂದು ಅದು ಪರದೆಯ ಮೇಲೆ, ಅಚ್ಚಿನಂತಹ ಅಕ್ಷರಗಳಲ್ಲಿ, ಪ್ರಕಟಿತ ಗದ್ಯದ ಪಕ್ಕದಲ್ಲಿಯೇ ಕಾಣುತ್ತದೆ. ಹೋಲಿಸಬಾರದ ಎರಡನ್ನು ನಾವು ಹೋಲಿಸುತ್ತಿದ್ದೇವೆ.

ಸನ್ನಿವೇಶಕ್ಕೆ ತಕ್ಕಂತೆ ರೂಪ ಬದಲಿಸುವ ಭಾಷಾ ಬಳಕೆಯನ್ನು ಇಲ್ಲಿ ಸಂದರ್ಭ ಪ್ರಭೇದ ಎಂದು ಕರೆದಿದ್ದೇವೆ. ಗೆಳೆಯನಿಗೆ ‘ಬರ್ತೀನಿ’ ಎಂದು ಬರೆದವನಿಗೆ ‘ಬರುತ್ತೇನೆ’ ಎಂಬ ರೂಪ ಗೊತ್ತಿಲ್ಲವೆಂದು ಕನ್ನಡಿಗರಾರೂ ತಿಳಿಯುವುದಿಲ್ಲ. ಡಿಜಿಟಲ್ ಇಂಗ್ಲಿಷಿನಲ್ಲಿಯೂ ಇಂತಹ ನಿಯಮಗಳು ರೂಪುಗೊಂಡಿವೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ 126 ವಿದ್ಯಾರ್ಥಿಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ಒಂದೇ ಪದದ ಮೊಬೈಲ್ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಓದುಗರು ಅದನ್ನು ಕಡಿಮೆ ಪ್ರಾಮಾಣಿಕವೆಂದು ಗ್ರಹಿಸಿದರು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಈ ವ್ಯತ್ಯಾಸ ಕಾಣಲಿಲ್ಲ. ವಾಕ್ಯದ ಅಂತ್ಯವನ್ನು ಸೂಚಿಸುವ ಕೆಲಸ ಸಂದೇಶದ ಅಂತ್ಯದಿಂದಲೇ ನೆರವೇರುವಲ್ಲಿ, ಬಿಡುವಾದ ಚಿಹ್ನೆ ದನಿಯ ಬಿರುಸನ್ನು ಸೂಚಿಸತೊಡಗಿದೆ. ಇದು ನಿಯಮದ ಅಭಾವವಲ್ಲ, ಮತ್ತೊಂದು ನಿಯಮ.

6. ತರಗತಿಯಲ್ಲಿ ಉಳಿಯುವ ಪ್ರಶ್ನೆ

ಇಷ್ಟರಿಂದ ಎಲ್ಲವೂ ಕ್ಷೇಮವೆಂದು ನಾವು ಹೇಳುತ್ತಿಲ್ಲ. ಉದ್ಯೋಗದ ಅರ್ಜಿಯಲ್ಲಿ ‘ಯು’ ಎಂಬ ಒಂದೇ ಅಕ್ಷರ ಬರೆದ ಅಭ್ಯರ್ಥಿ ಸಂದರ್ಶನದ ಕರೆಯನ್ನು ಕಳೆದುಕೊಳ್ಳಬಹುದು. ಅಧ್ಯಾಪಕರು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೇಳಿದರೆ ಈತ ಔಪಚಾರಿಕ ರೂಪವನ್ನು ಬರೆಯಬಲ್ಲನೆ? ಬರೆಯಬಲ್ಲವನಾದರೆ ಅದು ಸಂದರ್ಭವನ್ನು ಗುರುತಿಸುವಲ್ಲಿನ ಎಡವಟ್ಟು. ಒಂದೆರಡು ಸೂಚನೆಗಳಿಂದ ಸರಿಹೋಗುತ್ತದೆ. ಬರೆಯಲಾರದವನಾದರೆ ಆ ರೂಪವನ್ನು ಅವನಿಗೆ ಯಾರೂ ಕಲಿಸಿಲ್ಲ ಎಂದರ್ಥ. ಆಗ ಬೇಕಾದುದು ತಿಂಗಳುಗಳ ಅಭ್ಯಾಸ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಮೊದಲನೆಯವನಿಗೆ ಅಷ್ಟೇನೂ ನಷ್ಟವಿಲ್ಲ. ಎರಡನೆಯವನ ಅಗತ್ಯ ಮಾತ್ರ ಕಣ್ಮರೆಯಾಗುತ್ತದೆ.

ಕರ್ನಾಟಕದಲ್ಲಿ ಇದು ಕೇವಲ ಸಿದ್ಧಾಂತದ ಮಾತಲ್ಲ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆಯೋ ಪುಸ್ತಕವೋ ಇಲ್ಲದ ವಿದ್ಯಾರ್ಥಿಗೆ ಆ ಭಾಷೆಯ ಎರಡೇ ರೂಪಗಳು ಪರಿಚಯ: ಬಾಯಿಪಾಠ ಮಾಡಿದ ಪಠ್ಯದ ಉತ್ತರ ಮತ್ತು ಫೋನಿನ ಪರದೆಯ ಮಾತು. ಪ್ರಾಂಶುಪಾಲರಿಗೆ ಪತ್ರ, ಬ್ಯಾಂಕಿಗೆ ಮನವಿ, ಒಂದು ವಾದವನ್ನು ಮಂಡಿಸುವ ಎರಡು ಪುಟಗಳು, ಇವುಗಳ ಭಾಷೆ ಅವನ ಕಿವಿಗೂ ಕಣ್ಣಿಗೂ ಬಿದ್ದಿಲ್ಲ. ಅವನ ಬರಹವನ್ನು ನೋಡಿ ಮೊಬೈಲನ್ನು ದೂರುವುದು ಸುಲಭ. ಹಾಗೆ ದೂರಿದಾಗ ಕಲಿಸಬೇಕಾದವರ ಹೊಣೆ ಹಗುರಾಗುತ್ತದೆ, ಕಲಿಯಬೇಕಾದವನ ಹೊರೆ ಹಾಗೆಯೇ ಉಳಿಯುತ್ತದೆ.

ಇದಕ್ಕೊಂದು ಸರಳ ಅಭ್ಯಾಸವನ್ನು ನಾವು ಸೂಚಿಸಬಯಸುತ್ತೇವೆ. ಒಂದೇ ವಿಷಯವನ್ನು, ಉದಾಹರಣೆಗೆ ಪರೀಕ್ಷೆಯ ದಿನ ಬಸ್ಸು ತಪ್ಪಿದುದನ್ನು, ಗೆಳೆಯನಿಗೆ ಸಂದೇಶವಾಗಿ, ಅಧ್ಯಾಪಕರಿಗೆ ಇಮೇಲ್ ಆಗಿ, ಪರೀಕ್ಷಾ ವಿಭಾಗಕ್ಕೆ ಮನವಿಯಾಗಿ ಬರೆಯಿಸಬಹುದು. ಬಳಿಕ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ಪದ, ಯಾವ ಚಿಹ್ನೆ, ಯಾವ ಸಂಬೋಧನೆ ಏಕೆ ಬದಲಾಯಿತೆಂದು ಚರ್ಚಿಸಬಹುದು. ವಿದ್ಯಾರ್ಥಿಗೆ ಬರುವ ಪ್ರಭೇದ ಬಾರದಿರುವುದಕ್ಕೆ ಮೆಟ್ಟಿಲಾಗುತ್ತದೆ. ಮೂರನೆಯ ಹಾಳೆ ಖಾಲಿಯಾಗಿ ಉಳಿದರೆ ಬೋಧನೆ ಎಲ್ಲಿಂದ ಆರಂಭವಾಗಬೇಕೆಂಬುದು ನಮಗೆ ತಿಳಿಯುತ್ತದೆ.