ಬೆಳ್ಳಿ ಚಿಗುರಿದ ಬಗೆ

ಗೆಯೋರ್ಗ್ ಯೆನ್ಸನ್ 1904ರಲ್ಲಿ ಕೋಪನ್‌ಹೇಗನ್ನಿನ ಬ್ರೆಡ್‌ಗೇಡ್ ಬೀದಿಯಲ್ಲಿ ಪುಟ್ಟದೊಂದು ಅಕ್ಕಸಾಲೆ ತೆರೆದಾಗ ಅವನಿಗೆ 37 ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು, ಸಾಕಬೇಕಾದ ಇಬ್ಬರು ಗಂಡುಮಕ್ಕಳಿದ್ದರು. ಅವನಿಗೆ ಆಗಬೇಕೆಂದಿದ್ದದ್ದು ಶಿಲ್ಪಿ. ರಾಯಲ್ ಅಕಾಡೆಮಿಯಲ್ಲಿ ಶಿಲ್ಪ ಕಲಿತು 1892ರಲ್ಲಿ ಹೊರಬಂದಿದ್ದ. ಶಿಲ್ಪ ಹೊಟ್ಟೆ ತುಂಬಿಸಲಿಲ್ಲ. ಕುಂಬಾರಿಕೆಗೆ ಇಳಿದ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಸಿಕ್ಕಿತು, ಗಿರಾಕಿ ಸಿಗಲಿಲ್ಲ. ಕೊನೆಗೆ, 14ನೇ ವಯಸ್ಸಿನಲ್ಲಿ ಶಿಷ್ಯನಾಗಿ ಸೇರಿ ಕಲಿತಿದ್ದ ಅಕ್ಕಸಾಲಿಕೆಯೇ ಕೈಹಿಡಿಯಿತು. 1901ರಿಂದ ಮೋಗೆನ್ಸ್ ಬಾಲಿನ್ ಎಂಬ ಕಲಾವಿದನ ಬಳಿ ದುಡಿದು, ಆಮೇಲೆ ಸ್ವಂತಕ್ಕೆ ನಿಂತ.

ಅವನ ಒಡವೆಗಳ ತುಂಬ ಎಲೆ, ಮೊಗ್ಗು, ಬಳ್ಳಿ, ಕಾಯಿಗೊಂಚಲು. ಹುಟ್ಟಿದ ರಾದ್ವಾದ್ ಊರು ನಗರದ ಉತ್ತರಕ್ಕೆ, ಕಾಡಿನ ಮಗ್ಗುಲಲ್ಲಿದೆ. ತಂದೆ ಅಲ್ಲಿನ ಚಾಕು ಕಾರ್ಖಾನೆಯಲ್ಲಿ ಸಾಣೆ ಹಿಡಿಯುತ್ತಿದ್ದ. ಆ ಕಾಡೇ ಬೆಳ್ಳಿಗೆ ಬಂತು ಎಂದು ಹೇಳುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆಗ ಯುರೋಪಿನ ಅರ್ಧ ಕಲಾವಿದರು ಬಳ್ಳಿಯನ್ನೇ ಬರೆಯುತ್ತಿದ್ದರು, ಪ್ಯಾರಿಸ್ಸಿನ ಒಡವೆ ಕಲಾವಿದ ಲಲೀಕ್ ಅದರಲ್ಲಿ ಹೆಸರು ಮಾಡಿಯಾಗಿತ್ತು. ಯೆನ್ಸನ್ ಬೇರೆಯಾದದ್ದು ಮಣ್ಣು ಮೆತ್ತಿ ಪಳಗಿದ ಬೆರಳಿನಿಂದ. ಅವನ ಕಣ್ಣಿಗೆ ಪದಕವೂ ಒಂದು ಪುಟ್ಟ ಶಿಲ್ಪ.

ಬೆಳ್ಳಿ ತಗಡನ್ನು ಹಿಂಬದಿಯಿಂದ ತಟ್ಟಿದರೆ ಮುಂದೆ ಎಲೆ ಉಬ್ಬುತ್ತದೆ. ಮುಂಬದಿಯಿಂದ ಉಳಿ ಆಡಿಸಿದರೆ ನರ ಮೂಡುತ್ತದೆ. ಕಾಳಿನಂಥ ಗುಂಡುಗಳನ್ನು ಬೆಸೆದರೆ ಕಾಯಿಗೊಂಚಲು. ಇಷ್ಟನ್ನು ಯಾವ ಒಳ್ಳೆಯ ಅಕ್ಕಸಾಲಿಗನೂ ಮಾಡಿಯಾನು. ಯೆನ್ಸನ್ ಆಮೇಲೆ ಅದನ್ನು ಕಪ್ಪಾಗಿಸುತ್ತಿದ್ದ! ಗಂಧಕ ಸೋಕಿದ ಬೆಳ್ಳಿ ಕರ್ರಗಾಗುತ್ತದೆ. ಉಬ್ಬಿದ ಭಾಗವನ್ನಷ್ಟೇ ಉಜ್ಜಿ ಬೆಳಗಿಸಿ, ತಗ್ಗಿನಲ್ಲಿ ಕಪ್ಪನ್ನು ಹಾಗೇ ಬಿಡುವುದು. ಎಲೆಯ ಕೆಳಗೆ ನೆರಳು ಬೀಳುವುದು ಹಾಗೆ. ಸುತ್ತಿಗೆಯ ಗುರುತನ್ನೂ ಅಳಿಸುತ್ತಿರಲಿಲ್ಲವಾದ್ದರಿಂದ ಬೆಳಕು ಮೇಲ್ಮೈಯಲ್ಲಿ ಜಾರದೆ ತಂಗುತ್ತಿತ್ತು. (ಬೆಳ್ಳಿ ಕಪ್ಪಾದರೆ ವಿಭೂತಿ ಹಾಕಿ ತಿಕ್ಕುವ ನಮ್ಮ ಮನೆಗಳಲ್ಲಿ ಇವನ ಪದಕದ ಗತಿ ಒಂದೇ ಹಬ್ಬಕ್ಕೆ ಮುಗಿಯುತ್ತಿತ್ತು.)

ಕಲ್ಲುಗಳೂ ದುಬಾರಿಯವಲ್ಲ: ಅಂಬರ್, ಚಂದ್ರಕಾಂತ, ಮ್ಯಾಲಕೈಟ್, ಹವಳ. ಮುಖ ಕೊರೆಯದೆ, ಹಣ್ಣಿನ ಹಾಗೆ ಗುಂಡಗೆ ನಯಮಾಡಿ ಕೂರಿಸಿದವು. ವಜ್ರಕ್ಕೆ ಕೈ ಎಟುಕದ ಮಧ್ಯಮ ವರ್ಗದ ಹೆಂಗಸರು ಇವನ್ನು ಕೊಂಡರು. ಕೈ ಬಿಗಿಯಿದ್ದುದೇ ಲೋಹವನ್ನೂ ಕಲ್ಲನ್ನೂ ಆರಿಸಿತು, ಆ ಆಯ್ಕೆಯೇ ಶೈಲಿಯಾಯಿತು ಎಂದು ನನಗನಿಸುತ್ತದೆ.

ಮುಂದಿನದು ವೇಗವಾಗಿ ನಡೆಯಿತು. 1909ರಲ್ಲಿ ಬರ್ಲಿನ್‌ನಲ್ಲಿ ಅಂಗಡಿ. ಮಹಾಯುದ್ಧ ಜರ್ಮನಿಯ ವ್ಯಾಪಾರವನ್ನು ಕಿತ್ತುಕೊಂಡಿತು. ಆದರೆ 1915ರ ಸ್ಯಾನ್‌ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಪತ್ರಿಕಾ ಕುಬೇರ ವಿಲಿಯಂ ರಾಂಡಾಲ್ಫ್ ಹರ್ಸ್ಟ್, ಯೆನ್ಸನ್ ಇಟ್ಟಿದ್ದ ಸರಕನ್ನು ಹೆಚ್ಚುಕಡಿಮೆ ಪೂರ್ತಿ ಖರೀದಿಸಿದ. 1924ಕ್ಕೆ ನ್ಯೂಯಾರ್ಕ್ ಅಂಗಡಿ.

ಬೇಡಿಕೆ ಬೆಳೆದಂತೆ ಒಬ್ಬನ ಕೈ ಸಾಲದಾಯಿತು. ಓಕ್ ಕಾಯಿಯ ತುದಿಯಿರುವ 1915ರ ಪ್ರಸಿದ್ಧ ಚಮಚಗಳ ವಿನ್ಯಾಸ ಚಿತ್ರಕಾರ ಯೋಹಾನ್ ರೋಡೆಯದು. ವಿನ್ಯಾಸಕಾರರ ಹೆಸರನ್ನು ಯೆನ್ಸನ್ ಮರೆಮಾಚಲಿಲ್ಲ, ಆ ಕಾಲಕ್ಕೆ ಅದು ದೊಡ್ಡ ಮಾತು. ತಗಡಿನ ಮುಂದೆ ಕೂತು ಒಂದೊಂದೇ ಎಲೆಯನ್ನು ತಟ್ಟಿ ಎಬ್ಬಿಸಿದ ಕೆಲಸಗಾರರಿಗೆ ಮಾತ್ರ ಒಡವೆಯ ಬೆನ್ನಿನ ಮುದ್ರೆಯಲ್ಲಿ ಜಾಗ ಸಿಗಲಿಲ್ಲ.