ಥೀಮ್ ಪಾರ್ಕಿಗೆ ಹೋಗುವ ವಯಸ್ಸು

ಬೇಸಗೆಯ ರಜೆ ಹತ್ತಿರ ಬಂತೆಂದರೆ ಸಂಸಾರವಂದಿಗರ ಮನೆಯಲ್ಲಿ ಹಿಂದೆ ಏಳುತ್ತಿದ್ದ ಪ್ರಶ್ನೆಗಳು ಎರಡೇ: ಅಜ್ಜಿಯ ಊರಿಗೆ ಯಾವಾಗ ಹೊರಡುವುದು, ಹಪ್ಪಳ ಸಂಡಿಗೆಗೆ ಯಾವ ದಿನ ಕೂಡುವುದು. ಈಗ ಇವುಗಳ ಜೊತೆಗೆ ಮೂರನೆಯದೊಂದು ಬಂದು ಸೇರಿದೆ. 'ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗೋಣವೇ? ಚಿಕ್ಕದಕ್ಕೆ ಇನ್ನೂ ಮೂರು ತುಂಬಿಲ್ಲ, ಈಗಲೇ ಆದೀತೇ?' ಬಿಡದಿಯ ವಂಡರ್‌ಲಾಗೆ ಬೆಳಗ್ಗೆ ಹೋಗಿ ಸಂಜೆ ಬರುವವರದೂ ಇದೇ ಪ್ರಶ್ನೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿಂದ ಮೊಮ್ಮಕ್ಕಳೊಡನೆ ಫ್ಲೋರಿಡಾದ ಡಿಸ್ನಿ ವರ್ಲ್ಡ್ ನೋಡಹೊರಟ ಅಜ್ಜ ಅಜ್ಜಿಯರದೂ ಇದೇ ಪ್ರಶ್ನೆ.

ಪ್ರಶ್ನೆ ಚಿಕ್ಕದೆಂದು ತಾವು ತಳ್ಳಿಹಾಕಬಾರದು. ಇದರಲ್ಲಿ ಗೃಹಸ್ಥನ ಹಲವು ತಿಂಗಳ, ಕೆಲವೊಮ್ಮೆ ಹಲವು ವರ್ಷಗಳ ಉಳಿತಾಯವಿದೆ. ಸುಲಭವಾಗಿ ಸಿಕ್ಕದ ರಜೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಮನಸ್ಸಿದೆ. ಸಂತೋಷಪಡಿಸಲೆಂದು ಕರೆದೊಯ್ದ ಮಗು ಹಗಲೆಲ್ಲ ಅತ್ತು, ಬೈಸಿಕೊಂಡು, ಹೆದರಿ ಹಿಂದಿರುಗಿದರೆ ಆ ಖರ್ಚಿಗೆ ಅರ್ಥವೇನು? ಆದಕಾರಣ, ಹೊರಡುವ ಮುನ್ನ ಯೋಚಿಸತಕ್ಕ ಕೆಲವು ಮಾತುಗಳನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಈ ಉದ್ಯಾನಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಚಲನಚಿತ್ರಗಳಿಂದ ಲೋಕವಿಖ್ಯಾತನಾದ ವಾಲ್ಟ್ ಡಿಸ್ನಿಗೆ ಇಬ್ಬರು ಹೆಣ್ಣುಮಕ್ಕಳು. ಅವರನ್ನು ಅವನು ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಪಾರ್ಕಿಗೆ ಕರೆದೊಯ್ದು, ಮರದ ಕುದುರೆಗಳು ಸುತ್ತುವ ಆಟಕ್ಕೆ ಹತ್ತಿಸಿ, ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದನಂತೆ. ಮಕ್ಕಳು ಆಡುವುದು, ಹಿರಿಯರು ಕಾಯುವುದು ಏಕೆ? ಹೆತ್ತವರೂ ಮಕ್ಕಳೂ ಕೂಡಿ ನಲಿಯುವಂಥ ಒಂದು ಸ್ಥಳವೇಕೆ ಇರಬಾರದು? ಈ ಯೋಚನೆಯೇ ಬೆಳೆದು 1955ನೆಯ ಇಸವಿಯ ಜುಲೈ 17ರಂದು ಕ್ಯಾಲಿಫೋರ್ನಿಯದ ಆನಾಹೈಮ್ ಎಂಬಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಡಿಸ್ನಿ 1966ರಲ್ಲಿ ತೀರಿಕೊಂಡ; 1971ರ ಅಕ್ಟೋಬರ್ 1ರಂದು ಫ್ಲೋರಿಡಾದಲ್ಲಿ ಅದಕ್ಕಿಂತ ಎಷ್ಟೋ ಪಾಲು ವಿಸ್ತಾರವಾದ ಡಿಸ್ನಿ ವರ್ಲ್ಡ್ ಪ್ರಾರಂಭವಾಯಿತು. ನಮ್ಮ ನಾಡಿನಲ್ಲಿ ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾ ಬಂದದ್ದು 2005ರಲ್ಲಿ.

ಈ ಕಥೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಬೀಜವಿದೆ. ಕೂಡಿ ನಲಿಯುವುದಕ್ಕೆ ಆದ ಸ್ಥಳ ಇದು. ಆದ್ದರಿಂದ 'ಮಗುವಿಗೆ ಎಷ್ಟು ವರ್ಷ?' ಎಂದು ಕೇಳುವುದಕ್ಕಿಂತ 'ಈ ಮಗುವೂ ನಾವೂ ಅಲ್ಲಿ ಕೂಡಿ ನಲಿಯಬಲ್ಲೆವೇ?' ಎಂದು ಕೇಳುವುದು ಸರಿಯಾದ ಕ್ರಮ. ಅದನ್ನು ತಿಳಿಯಲು ನಾಲ್ಕು ಅಳತೆಗಳುಂಟು: ಎತ್ತರ, ಕಸುವು, ಧೈರ್ಯ, ನೆನಪು.

ಎತ್ತರವನ್ನು ಮೊದಲು ತೆಗೆದುಕೊಳ್ಳೋಣ. ಮಗುವಿನ ವಯಸ್ಸನ್ನು ನಾವು ಜಾತಕದಿಂದ ಲೆಕ್ಕಹಾಕುತ್ತೇವೆ. ಆಟದ ಯಂತ್ರದ ಬಾಗಿಲಲ್ಲಿ ನಿಂತವನು ಅಳತೆಯ ಪಟ್ಟಿಯಿಂದ ಲೆಕ್ಕಹಾಕುತ್ತಾನೆ. ಡಿಸ್ನಿ ವರ್ಲ್ಡಿನಲ್ಲಿ 'ಡಂಬೊ' ಎಂಬ ಹಾರುವ ಆನೆಯ ಸುತ್ತಾಟಕ್ಕೆ ಎತ್ತರದ ಕಟ್ಟಳೆಯಿಲ್ಲ. ಕೈಗೂಸನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಹತ್ತಬಹುದು. ಏಳು ಕುಳ್ಳರ ಗಣಿಯ ರೈಲಿಗೆ 97 ಸೆಂಟಿಮೀಟರ್ ಬೇಕು. ಕತ್ತಲಲ್ಲಿ ಓಡುವ 'ಸ್ಪೇಸ್ ಮೌಂಟನ್' ರೈಲಿಗೆ 112 ಸೆಂಟಿಮೀಟರ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಂತೆ ಗಂಡುಮಗುವಿನ ನಡುಮಟ್ಟದ ಎತ್ತರ ಮೂರು ತುಂಬಿದಾಗ ಸುಮಾರು 96, ಐದು ತುಂಬಿದಾಗ 110, ಆರು ತುಂಬಿದಾಗ 116 ಸೆಂಟಿಮೀಟರ್. ಹೆಣ್ಣುಮಗುವಿನದು ಇದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಎಂದರೆ, ಐದು ದಾಟದ ಮಗುವಿಗೆ ಕೆಲವು ದೊಡ್ಡ ಆಟಗಳ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಆರು ತುಂಬುವ ಹೊತ್ತಿಗೆ ಎಷ್ಟೋ ಬಾಗಿಲುಗಳು ತೆರೆಯುತ್ತವೆ.

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಓಡುವ ಗಾಡಿಯಲ್ಲಿ ಕೂತವರ ತೊಡೆಯ ಮೇಲೆ ಒಂದು ಅಡ್ಡಪಟ್ಟಿ ಇಳಿದು ಹಿಡಿಯುತ್ತದೆ. ಇಂತಿಷ್ಟು ಗಾತ್ರದ ಶರೀರವನ್ನು ಹಿಡಿಯಲೆಂದು ಅದನ್ನು ಮಾಡಿರುತ್ತಾರೆ. ಇಬ್ಬರಿಗೂ ಸೇರಿ ಒಂದೇ ಪಟ್ಟಿಯಿದ್ದರೆ ಅದು ದೊಡ್ಡವರ ತೊಡೆಗೆ ತಾಕಿ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಚಿಕ್ಕ ಮಗುವಿಗೂ ಪಟ್ಟಿಗೂ ನಡುವೆ ಎಡೆ ಉಳಿಯುತ್ತದೆ. ಗಾಡಿ ತಿರುವಿನಲ್ಲಿ ವಾಲಿದಾಗ, ಇಳಿಜಾರಿನಲ್ಲಿ ಧುಮುಕಿದಾಗ, ಆ ಎಡೆಯಿಂದ ಮಗು ಜಾರುವ ಭಯವುಂಟು. ಆದ್ದರಿಂದ ಎತ್ತರದ ಗೆರೆಯ ಬಳಿ ಮಗುವನ್ನು ತುದಿಗಾಲಲ್ಲಿ ನಿಲ್ಲಿಸುವುದು, ದಪ್ಪ ಅಟ್ಟೆಯ ಚಪ್ಪಲಿ ತೊಡಿಸಿ ಒಯ್ಯುವುದು ಜಾಣತನವಲ್ಲ, ಅಪಾಯ.

ಇಲ್ಲಿಯೇ ಟಿಕೆಟ್ಟಿನ ಮಾತನ್ನೂ ಹೇಳಿಬಿಡುತ್ತೇನೆ. ಡಿಸ್ನಿ ವರ್ಲ್ಡಿನಲ್ಲಿ ಮೂರು ತುಂಬದ ಮಗುವಿಗೆ ಟಿಕೆಟ್ಟಿಲ್ಲ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ಹತ್ತು ತುಂಬಿದವರೆಲ್ಲ ದೊಡ್ಡವರ ಲೆಕ್ಕ. ವಂಡರ್‌ಲಾದಲ್ಲಿ ಟಿಕೆಟ್ಟಿಗೂ ಎತ್ತರವೇ ಅಳತೆ. 'ಮೂರು ತುಂಬುವ ಮೊದಲೇ ಹೋಗಿಬಂದರೆ ಒಂದು ಟಿಕೆಟ್ಟು ಉಳಿಯಿತು' ಎಂದು ಲೆಕ್ಕಹಾಕುವವರಿದ್ದಾರೆ. ಟಿಕೆಟ್ಟು ಬೇಡದ ವಯಸ್ಸು ಎಂದಮಾತ್ರಕ್ಕೆ ಅದು ತಕ್ಕ ವಯಸ್ಸಾಗುವುದಿಲ್ಲ. ಇನ್ನು, ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗಾಗಿ ವಯಸ್ಸು ಇಳಿಸಿ ಹೇಳುವ ಅಭ್ಯಾಸವನ್ನು ದಯವಿಟ್ಟು ಅಲ್ಲಿಗೂ ಒಯ್ಯಬೇಡಿ. ಮಗು ಪಕ್ಕದಲ್ಲಿಯೇ ನಿಂತು ಕೇಳುತ್ತಿರುತ್ತದೆ. ಬಾಗಿಲಲ್ಲಿ ಉಳಿದ ಹಣ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ; ಅಪ್ಪನ ಬಾಯಲ್ಲಿ ಕೇಳಿದ ಸುಳ್ಳು ಮರೆಯುವುದಿಲ್ಲ.

ಎರಡನೆಯ ಅಳತೆ ಕಸುವು. ಪಾರ್ಕೆಂದರೆ ಆಟವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ನಡಿಗೆ, ಬಿಸಿಲು ಮತ್ತು ಸಾಲು. ಎರಡು ನಿಮಿಷದ ಆಟಕ್ಕೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಗಿ ಬರುವುದು ಅಪರೂಪವಲ್ಲ. ಸಂತೆಯ ದಿನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ಪಳಗಿದ ದೊಡ್ಡವರಿಗೇ ಅದು ಬೇಸರ. ಮೂರು ವರ್ಷದ ಮಗುವಿಗೆ ಹೇಗಾಗಬೇಡ? 'ಇನ್ನು ಸ್ವಲ್ಪ ಹೊತ್ತು' ಎಂಬ ಮಾತಿಗೆ ಅದರ ಮನಸ್ಸಿನಲ್ಲಿ ಅರ್ಥವೇ ಹುಟ್ಟಿರುವುದಿಲ್ಲ. ನಿದ್ರೆಯ ಲೆಕ್ಕವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ್ದಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು. ಹಗಲಿನ ನಿದ್ರೆಯೂ ಇದರೊಳಗೆ ಸೇರಿದೆ. ಮಧ್ಯಾಹ್ನದ ನಿದ್ರೆ ಬಿಡದ ಮಗುವನ್ನು ಸಂಜೆಯವರೆಗೆ ಎಳೆದಾಡಿದರೆ ಅದು ರಂಪಮಾಡದೆ ಇನ್ನೇನು ಮಾಡೀತು? ಅದು ಹಟವಲ್ಲ, ದಣಿವು. ಬೆಂಗಳೂರಿನಿಂದ ಫ್ಲೋರಿಡಾಕ್ಕೆ ಹೋಗುವವರಿಗಂತೂ ಮೇಲಿಂದ ಮೇಲೆ ವಿಮಾನ ಬದಲಿಸುವ ದೀರ್ಘ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಮುಟ್ಟಿದ ಮೊದಲ ಎರಡು ಮೂರು ದಿನ ಮಗುವಿಗೆ ವಿಶ್ರಾಂತಿ ಕೊಡದೆ ಪಾರ್ಕಿಗೆ ಒಯ್ಯುವುದು ಸರ್ವಥಾ ಸಲ್ಲದು.

ಮೂರನೆಯದು ಧೈರ್ಯ. ಪುಸ್ತಕದಲ್ಲಿ ನೋಡಿ ನಗುವ ಇಲಿಯ ಚಿತ್ರ ಆಳೆತ್ತರವಾಗಿ ಎದುರಿಗೆ ಬಂದು ಕೈಚಾಚಿದರೆ ಎರಡು ಮೂರು ವರ್ಷದ ಮಗು ಕಿರಿಚಿಕೊಳ್ಳುವುದುಂಟು. ಒಳಗೆ ಮನುಷ್ಯನಿದ್ದಾನೆಂದು ಹೇಳಿದರೂ ಅದಕ್ಕೆ ಸಮಾಧಾನವಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ (1896–1980) ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಘಟ್ಟಗಳಾಗಿ ವಿಂಗಡಿಸಿ, ಸುಮಾರು ಎರಡರಿಂದ ಏಳು ವರ್ಷದವರೆಗೆ ಮಗುವಿಗೆ ಕಣ್ಣಿಗೆ ಕಂಡದ್ದೇ ಪ್ರಬಲ, ತರ್ಕ ಇನ್ನೂ ಎಳಸು ಎಂದು ತೋರಿಸಿದ. ಬಯಲಾಟದಲ್ಲಿ ರಾಕ್ಷಸನ ವೇಷ ಪ್ರವೇಶಿಸಿದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಕ್ಕಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಹಾಗೆ ಹೆದರಿದ ಮಗುವನ್ನು 'ನೀನು ಗಂಡುಮಗ ಅಲ್ಲವೇನೋ' ಎಂದು ಮೂದಲಿಸಿ ಕತ್ತಲೆಯ ಗುಹೆಯೊಳಕ್ಕೆ ತಳ್ಳುವುದರಿಂದ ಧೈರ್ಯ ಹುಟ್ಟುವುದಿಲ್ಲ. ತಂದೆತಾಯಿಗಳ ಮೇಲಿನ ನಂಬಿಕೆ ಒಂದಿಷ್ಟು ಸವೆಯುತ್ತದೆ. ಏನು ನಡೆಯುವುದೆಂದು ಮೊದಲೇ ತಿಳಿಸಿ, ಬೇಡವೆಂದರೆ ಹಿಂದಿರುಗೋಣವೆಂದು ಮಾತುಕೊಟ್ಟು, ಆ ಮಾತಿನಂತೆ ನಡೆದರೆ, ಬೆಳಗ್ಗೆ ಬೇಡವೆಂದ ಮಗು ಸಂಜೆಗೆ ತಾನಾಗಿಯೇ ಕೇಳುವುದೂ ಉಂಟು.

ನಾಲ್ಕನೆಯದು ನೆನಪು. ತಾವೇ ನೆನೆಸಿಕೊಂಡು ನೋಡಿ: ತಮ್ಮ ಬಾಲ್ಯದ ಮೊಟ್ಟಮೊದಲ ನೆನಪು ಯಾವುದು? ಬಹುಮಂದಿಗೆ ಅದು ಮೂರು ಮೂರೂವರೆ ವರ್ಷಕ್ಕಿಂತ ಹಿಂದೆ ಹೋಗುವುದಿಲ್ಲ. ಎರಡು ವರ್ಷದ ಮಗು ಕಂಡದ್ದು ಸ್ವಲ್ಪ ಕಾಲ ನೆನಪಿದ್ದು ಆಮೇಲೆ ಅಳಿಸಿಹೋಗುತ್ತದೆ. ಉಳಿಯುವುದು ನಾವು ತೆಗೆದ ಪಟ ಮಾತ್ರ. ಆದ್ದರಿಂದ 'ಅದು ಜನ್ಮವಿಡೀ ನೆನೆಯಲಿ' ಎಂಬ ಆಸೆಯಿಂದ ಖರ್ಚುಮಾಡುವವರು ಐದಾರು ವರ್ಷದವರೆಗೆ ಕಾಯುವುದೇ ಲೇಸು. ಹಾಗೆಂದು ನೆನಪಿಲ್ಲದ ಸಂತೋಷ ಸಂತೋಷವಲ್ಲವೆಂದು ನಾನು ಹೇಳುವವನಲ್ಲ. ತೊಟ್ಟಿಲಲ್ಲಿ ಕೇಳಿದ ಜೋಗುಳ ಯಾರಿಗೆ ನೆನಪಿದೆ? ಆದರೂ ಅದು ವ್ಯರ್ಥವಾಗಲಿಲ್ಲ. ಆದರೆ ಜೋಗುಳಕ್ಕೆ ವಿಮಾನದ ಟಿಕೆಟ್ಟು ಬೇಕಾಗಿಲ್ಲ ಎಂಬುದನ್ನೂ ಮರೆಯಬಾರದು.

ರಜೆ ಮುಗಿದು ಶಾಲೆ ತೆರೆದಾಗ 'ನಾನು ರಜೆಯಲ್ಲಿ ಕಂಡದ್ದು' ಎಂಬ ಪ್ರಬಂಧವನ್ನು ನಾನು ಬರೆಸುವುದು ವಾಡಿಕೆ. ಇಂಥ ಪಾರ್ಕುಗಳಿಗೆ ಹೋಗಿಬಂದ ಹುಡುಗರು ಯಂತ್ರದ ವೇಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಪುಟ ತುಂಬುವುದು ಬೇರೆ ಸಂಗತಿಗಳಿಂದ: ಅಪ್ಪ ಇಳಿದಮೇಲೆ ತಲೆಸುತ್ತಿ ಕೂತದ್ದು, ಅಮ್ಮ ನೀರಿನಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕದ್ದು, ಬುತ್ತಿ ಹೊರಗೆ ಬಿಟ್ಟು ಬಂದುದಕ್ಕೆ ಅಜ್ಜಿ ಗೊಣಗಿದ್ದು. ಮಕ್ಕಳು ನೋಡುವುದು ನಮ್ಮನ್ನು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮನೆಯಲ್ಲಿ ಮೂರರದೊಂದು, ಒಂಬತ್ತರದೊಂದು ಇದ್ದರೆ ಏನು ಮಾಡುವುದು? ಚಿಕ್ಕದು ಬೆಳೆಯಲೆಂದು ಕಾದರೆ ದೊಡ್ಡದರ ವಯಸ್ಸು ಮೀರಿಹೋಗುತ್ತದೆ. ಹದಿನಾಲ್ಕರ ಹುಡುಗನಿಗೆ ಅಪ್ಪನ ಜೊತೆಗಿಂತ ಗೆಳೆಯರ ಜೊತೆ ರುಚಿ. ಇಂಥಲ್ಲಿ ದೊಡ್ಡದನ್ನು ನೋಡಿ ಕಾಲವನ್ನು ಗೊತ್ತುಮಾಡಿ, ಚಿಕ್ಕದನ್ನು ನೋಡಿ ದಿನಚರಿಯನ್ನು ಗೊತ್ತುಮಾಡುವುದು ಉತ್ತಮ. ಡಿಸ್ನಿ ಪಾರ್ಕುಗಳಲ್ಲಿ ತಂದೆ ದೊಡ್ಡ ಮಗುವಿನೊಡನೆ ಆಡಿಬರುವವರೆಗೆ ತಾಯಿ ಚಿಕ್ಕದರೊಡನೆ ಹೊರಗಿದ್ದು, ಅನಂತರ ಮತ್ತೆ ಸಾಲು ಹಿಡಿಯದೆ ತನ್ನ ಸರದಿ ಪಡೆಯುವ ಏರ್ಪಾಡು ಕೆಲವು ಆಟಗಳಿಗೆ ಇದೆ. ಹೋಗುವ ಮುನ್ನ ಇದನ್ನೆಲ್ಲ ವಿಚಾರಿಸಿಕೊಳ್ಳಬೇಕು. ಅಜ್ಜ ಅಜ್ಜಿಯರನ್ನು ಕರೆದೊಯ್ಯುವುದು ಚೀಲ ಕಾಯಲಿಕ್ಕೆ ಅಲ್ಲ ಎಂಬುದೂ ನೆನಪಿರಲಿ.

ಇಷ್ಟಾದರೂ ಮನಸ್ಸು ನಿಶ್ಚಯವಾಗದಿದ್ದರೆ ಒಂದು ಅಗ್ಗದ ಪರೀಕ್ಷೆಯಿದೆ. ಊರ ಜಾತ್ರೆಗೋ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೋ ಮಗುವನ್ನು ಒಂದು ಸಂಜೆ ಕರೆದುಕೊಂಡು ಹೋಗಿ. ಎರಡು ಗಂಟೆ ಎತ್ತಿಕೊಳ್ಳೆಂದು ಪೀಡಿಸದೆ ನಡೆಯಿತೇ? ತೊಟ್ಟಿಲ ಸಾಲಿನಲ್ಲಿ ಹತ್ತು ನಿಮಿಷ ನಿಂತಿತೇ? ಮೇಲಕ್ಕೆ ಹೋದಾಗ ತಮ್ಮ ಕೈ ಹಿಡಿದು ನಕ್ಕಿತೇ, ಕಣ್ಣು ಮುಚ್ಚಿ ಅತ್ತಿತೇ? ಶೌಚಕ್ಕೆ ಹೋಗಬೇಕಾದಾಗ ಮೊದಲೇ ಹೇಳಿತೇ? ಜನಜಂಗುಳಿಯಲ್ಲಿ ಕೈತಪ್ಪಿದರೆ ಅಪ್ಪ ಅಮ್ಮನ ಪೂರ್ತಿ ಹೆಸರನ್ನಾದರೂ ಹೇಳಬಲ್ಲುದೇ? ಇವುಗಳಿಗೆಲ್ಲ ಹೌದೆಂಬ ಉತ್ತರ ಬಂದರೆ, ಮಗು ಸಿದ್ಧವಾಗಿದೆ.

ಒಟ್ಟಿನ ಮೇಲೆ ನನ್ನ ಅಭಿಪ್ರಾಯ ಇಷ್ಟು. ಹತ್ತಿರದ ಪಾರ್ಕಿಗೆ ನಾಲ್ಕು ತುಂಬಿದ ಮಗುವನ್ನು ಅರ್ಧ ದಿನದ ಮಟ್ಟಿಗೆ ಧಾರಾಳವಾಗಿ ಕರೆದೊಯ್ಯಬಹುದು. ದಣಿದ ಕೂಡಲೇ ಹಿಂದಿರುಗುವ ಮನಸ್ಸು ಹಿರಿಯರಿಗಿರಬೇಕು. ಬಾಳಿನಲ್ಲಿ ಒಂದೇ ಸಲವೆಂದು ಹಣ ಕೂಡಿಸಿಟ್ಟು ಸಮುದ್ರ ದಾಟುವವರು ಏಳರಿಂದ ಹತ್ತರೊಳಗಿನ ಕಾಲವನ್ನು ಆರಿಸಿಕೊಳ್ಳಲಿ. ಆಗ ಎತ್ತರ ಮುಟ್ಟಿರುತ್ತದೆ, ಕಾಲಿಗೆ ಬಲ ಬಂದಿರುತ್ತದೆ, ನೆನಪು ನಿಲ್ಲುತ್ತದೆ. ಆದರೂ ಇಲಿಯ ವೇಷವನ್ನು ಕಂಡು ಕಣ್ಣರಳಿಸುವ ಎಳೆತನ ಇನ್ನೂ ಮಾಸಿರುವುದಿಲ್ಲ. ಮೂರು ವರ್ಷದ ಮಗುವಿಗಾಗಿ ಸಾಲಮಾಡಿ ಹೊರಟವರಿದ್ದರೆ, ನಾಲ್ಕು ವರ್ಷ ತಡೆದು ಹೋಗಿರೆಂದು ವಿನಯದಿಂದ ಸೂಚಿಸುತ್ತೇನೆ. ಆ ಪಾರ್ಕು ಎಲ್ಲಿಗೂ ಓಡಿಹೋಗುವುದಿಲ್ಲ. ಅಲ್ಲಿಯವರೆಗೆ ಆ ಮಗುವಿಗೆ ಅಂಗಳದ ಮರಳಿನ ಗುಡ್ಡೆ, ಒಂದು ಬಕೀಟು ನೀರು, ಜೊತೆಗೆ ಕೂತು ಆಡುವ ತಂದೆಯೋ ತಾಯಿಯೋ ಇದ್ದರೆ ಸಾಕು.